ಉಂಡ ಮೇಲೆ ಹೆಸರು

‘ಊಟ ಬಲ್ಲವನಿಗೆ ಹೆಸರಿಲ್ಲ, ಹೆಸರು ಬಲ್ಲವನಿಗೆ ಊಟವಿಲ್ಲ.’ ಗಾದೆ ಕೆಟ್ಟಿತೆಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಕೆಡಿಸಿದ್ದು ಕಮಲಾಪುರದ ಒಂದು ಅಡುಗೆಮನೆ. ಮುಂದಿನದು ನಡೆದ ಕಥೆ, ಒಗ್ಗರಣೆಯಷ್ಟೇ ನಮ್ಮದು.

ನಿಜಾಮರ ಕಾಲದಿಂದ ಇಂದಿನವರೆಗೆ ಕಮಲಾಪುರದ ಮಿಷನ್ ಶಾಲೆಯಲ್ಲಿ ಅಪ್ಪನಿಗೂ ಮಗನಿಗೂ ಅಕ್ಷರ ತಿದ್ದಿಸಿ ಈಗ ನಿವೃತ್ತರಾಗುತ್ತಿರುವ ಶೇವಂತಾಬಾಯಿಯವರ ಪಾಠವನ್ನು ಹೊಗಳಲು ಈ ಅಭಿನಂದನ ಸಂಪುಟದಲ್ಲಿ ಬಲ್ಲವರಿದ್ದಾರೆ. ಅವರ ಪಂಕ್ತಿಯನ್ನು ಹೊಗಳುವ ಭಾಗ್ಯ ಉಂಡವರದು. ಮನೆಗೆ ಬಂದವರು ಉಂಡು ಕೈ ತೊಳೆಯುವವರೆಗೆ ಬಾಯಿಯವರು ಹೆಸರು ಕೇಳುವವರಲ್ಲ. ಹೆಸರಿನ ಬೆನ್ನಿಗೆ ಜಾತಿ, ಜಾತಿಯ ಬೆನ್ನಿಗೆ ಪಂಕ್ತಿಭೇದ ಬರುವುದನ್ನು ಅವರ ಹಿರಿಯರು ಉಂಡೇ ಬಲ್ಲರು. “ಬಂದಾವ ಯೇಸುಸ್ವಾಮಿನೇ ಇದ್ರ? ಹಸದಾವ್ನ ಹೆಸರು ತೊಗೊಂಡು ಏನ್ ಮಾಡ್ತೀರಿ?” ಎಂಬುದೇ ಅವರ ಧರ್ಮಶಾಸ್ತ್ರ.

ರಜಾಕಾರರ ದಿನಗಳಲ್ಲಿ ಊರು ಬಿಟ್ಟು ಓಡಿಬಂದ ರೈತರು ಅಲ್ಲಿ ಉಂಡರು. ಪೊಲೀಸ್ ಕಾರ್ಯಾಚರಣೆಯಾಗಿ ಗಾಳಿ ತಿರುಗಿ ಸೇಡು ಮುಸಲ್ಮಾನರ ಮೇಲೆ ಹೊರಳಿದ ವಾರ, ಕೂಸನ್ನು ಅವಚಿಕೊಂಡು ಬುರ್ಖಾದ ಹೆಣ್ಣುಮಗಳೊಬ್ಬಳು ಬಂದಳು. ಅಡುಗೆಮನೆಯಲ್ಲಿ ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಆಕೆ ಅರ್ಧ ರೊಟ್ಟಿ ಮುಗಿಸುವಷ್ಟರಲ್ಲಿ ಬಡಿಗೆ ಹಿಡಿದ ಗುಂಪು ಬಾಗಿಲಿಗೆ ಬಂತು.

“ಒಳಗ ಯಾರದಾರ್ರೀ, ಬಾಯಿ?”

“ಉಣ್ಣಾಕತ್ತಾರ. ಹೆಸರು ಇನ್ನೂ ಕೇಳಿಲ್ಲ. ದೇವೀಂದ್ರಾ, ಮಗ್ಗಿ ತಪ್ಪಿದಾಗೂ ಹಿಂಗ ಕೆಂಪಗಾಗ್ತಿದ್ದಿ ನೋಡು. ಬಡಗಿ ಹೊರಗಿಡು, ಕೈ ತೊಳ್ಕೊ.”

ಮುಂದಾಳು ದೇವೀಂದ್ರಪ್ಪ ಅವರ ಹಳೆಯ ವಿದ್ಯಾರ್ಥಿ. ಬಡಿಗೆಯನ್ನು ಗೋಡೆಗೊರಗಿಸಿ ಪಡಸಾಲೆಯಲ್ಲಿ ಕುಳಿತ; ಉಳಿದವರೂ ಕುಳಿತರು. ಅವರು ಉಂಡು ಏಳುವಾಗ ಹಿತ್ತಲ ಬಾಗಿಲು ತೆರೆದಿತ್ತು, ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

ಆ ಅರ್ಧ ರೊಟ್ಟಿ ಬಾಯಿಯವರನ್ನು ವರ್ಷಗಟ್ಟಲೆ ಕಾಡಿತು. ತಾಯಿ, ಕೂಸು ಬದುಕಿದರೋ ಇಲ್ಲವೋ? ಹೆಸರೇ ತಿಳಿಯದ ಮೇಲೆ ಹುಡುಕುವುದೆಲ್ಲಿ? ಊಟದ ಮುಂಚಿನ ಪ್ರಾರ್ಥನೆಯಲ್ಲಿ “ಅರ್ಧ ಉಂಡು ಹೋದಾಕಿ” ಎಂದೇ ದೇವರಿಗೆ ನೆನಪು ಮಾಡಿಕೊಡುತ್ತಿದ್ದರು.

ಅದೇ ಶಾಲೆಯ ಅಣವೀರಪ್ಪ ಮಾಸ್ತರರು ತಹಶೀಲ್ದಾರರಿಂದ ಹಿಡಿದು ಹುಂಜದವರೆಗೆ ಎಲ್ಲರ ದನಿ ತೆಗೆಯಬಲ್ಲವರು. ಈಚೆಗೆ ಕಲಬುರಗಿಯಲ್ಲಿ ದರ್ಜಿ ಸಲಾವುದ್ದೀನರ ಮನೆಯಲ್ಲಿ ಹರಟುತ್ತ, ಬಾಯಿಯವರ ದನಿಯಲ್ಲಿ “ಉಂಡ ಮ್ಯಾಲ ಹೆಸರು!” ಎಂದದ್ದೇ ತಡ, ಪರದೆಯಾಚೆ ಪಾತ್ರೆ ಬಿದ್ದ ಸದ್ದಾಯಿತು. ದರ್ಜಿಯ ಹೆಂಡತಿ ಆ ದನಿಯನ್ನು ಮರೆತಿರಲಿಲ್ಲ.

ಮರುವಾರ ಏನೋ ನೆಪ ಹೇಳಿ ಮಾಸ್ತರರು ಬಾಯಿಯವರನ್ನು ಅಲ್ಲಿಗೆ ಕರೆದೊಯ್ದರು. ಮುಖ ಮುಚ್ಚಿದ ಮನೆಯೊಡತಿ ಬಡಿಸಿದ್ದೇ ಬಡಿಸಿದ್ದು. ಬಾಯಿಯವರು ಕಡೆಗೂ ಕೈ ತೊಳೆದು, “ಈಗ ಹೇಳವಾ ತಂಗಿ, ನಿನ್ನ ಹೆಸರೇನು?” ಎಂದರು.

“ಈಗ ಹ್ಯಾಂಗ ಕೇಳ್ತೀರಿ, ಬಾಯಿ? ನಂದು ಅರ್ಧ ರೊಟ್ಟಿ ಉಳದೈತಲ್ರೀ!”

ಮುಸುಕು ಸರಿಯಿತು. ಆಕೆ ಎದುರಿಗೇ ಕುಳಿತು ಅರ್ಧ ರೊಟ್ಟಿ ತಿಂದು ಮುಗಿಸಿ, “ಲತೀಫಾ” ಎಂದಳು. ಬಾಯಿಯವರ ಕೈಗೆ ಆಗಷ್ಟೇ ನೀರು ಹಾಕಿದ್ದು ಅಂದಿನ ಕೂಸು.

ನಿವೃತ್ತಿ ಶಾಲೆಗಷ್ಟೇ, ಆ ಒಲೆಗೆ ನಿವೃತ್ತಿ ಬಾರದಿರಲಿ, ಹಚ್ಚುವ ಕೈಗೆ ದೇವರು ದೀರ್ಘಾಯುಷ್ಯ ಕೊಡಲಿ. ಅಂದು ಸಲಾವುದ್ದೀನರು ನಕ್ಕರು, ಲತೀಫಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು, ಮಾಸ್ತರರು ತಮ್ಮ ಸ್ವಂತ ದನಿಯಲ್ಲೇ ನಕ್ಕರು. ಆದರೆ ಓಣಿಯ ಜನ ಬಾಗಿಲಿಗೆ ಬಂದು ಇಣುಕಿದ್ದು, ಮೋಸಹೋದ ಬಾಯಿಯವರ ನಗೆಗೆ.