ಮುಳ್ಳಿನ ನೆಪ

ಜೇವರ್ಗಿ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸುವ ಸುವಾರ್ತಮ್ಮ ಏಳು ವರ್ಷಗಳಿಂದ ಒಂದೇ ಸುಳ್ಳು ಹೇಳುತ್ತ ಬಂದಿದ್ದಳು. ಮಧ್ಯಾಹ್ನ ಹೆಂಗಸರು ಬೇವಿನ ನೆರಳಿಗೆ ಕೂತು ಬುತ್ತಿ ಬಿಚ್ಚಿದಾಗ, ಕಾಲಿಗೆ ಮುಳ್ಳು ಚುಚ್ಚಿದೆ ಎನ್ನುತ್ತ ತಲೆ ಬಗ್ಗಿಸುವಳು. ಅಂಗಾಲು ತಡವುತ್ತ, ಕಣ್ಣು ತೆರೆದೇ, ರೊಟ್ಟಿ ಕೊಟ್ಟ ಯೇಸುವಿಗೆ ಒಳಗೊಳಗೇ ವಂದನೆ ಹೇಳುವಳು. ಅವಳು ಕ್ರೈಸ್ತಳೆಂದು ಊರಿಗೆ ಗೊತ್ತಿತ್ತು; ಪ್ರಾರ್ಥನೆ ಮಾಡುವುದನ್ನು ಕಂಡರೆ ಮತಕ್ಕೆ ಎಳೆಯುವವಳು ಎಂದಾರೆಂಬುದೇ ಭಯ. ಅಷ್ಟು ದೊಡ್ಡ ದೇವರಿಗೆ ಇಷ್ಟು ಸಣ್ಣ ಸುಳ್ಳಿನ ಮರೆ!

ಒಂದು ದಿನ ಊಟದ ಹೊತ್ತಿಗೆ ಬೈಕಿನಲ್ಲಿ ಬಂದ ಇಬ್ಬರು ಅಪರಿಚಿತರು ಬದುವಿನ ಮೇಲೆ ನಿಂತು, "ನಿಮ್ಮೊಳಗ ಪ್ರಾರ್ಥನಾ ಮಾಡಾಕಿ ಯಾರ?" ಎಂದು ಕೇಳಿದರು. ಹೆಂಗಸರು ತಲೆ ಎತ್ತದೆ ಬುತ್ತಿಯ ಗಂಟು ಬಿಚ್ಚುತ್ತ ಕೂತರು. ಅವರು ಹೊರಟುಹೋದರು. ಸುವಾರ್ತಮ್ಮ ಮುಳ್ಳಿನ ಸುಳ್ಳಿಗೂ ಧೈರ್ಯ ಸಾಲದೆ ನೇರವಾಗಿ ರೊಟ್ಟಿ ಮುರಿದಳು.

ಪಕ್ಕದಲ್ಲಿದ್ದ ಕಸ್ತೂರಿಬಾಯಿ ಅವಳ ಕೈ ಹಿಡಿದಳು. "ಯಾಕಬೇ, ಇವತ್ತ ಮುಳ್ಳ ಚುಚ್ಚಿಲ್ಲೇನು?"

ಸುವಾರ್ತಮ್ಮ ಸುತ್ತ ನೋಡಿದರೆ ಒಬ್ಬರೂ ತುತ್ತು ಎತ್ತಿರಲಿಲ್ಲ. ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು. ಎಷ್ಟು ವರ್ಷದಿಂದ ಹೀಗೇ ಕಾದಿದ್ದರೋ!

ಅವಳು ಮೊದಲ ಸಲ ಕಣ್ಣು ಮುಚ್ಚಿದಳು. ಬೈಕಿನ ಸದ್ದು ತಿರುಗಿ ಹತ್ತಿರವಾಗತೊಡಗಿತು. ಅವಳು ಕಣ್ಣು ತೆರೆಯಲಿಲ್ಲ.