ಅತ್ತೆ ಹೇಳಿದ ಹುಣ್ಣಿಮೆ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದು ಅವಳ ಕೆಲಸ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ತಿಂಗಳಿಗೊಮ್ಮೆ ಉದ್ದ ತೋಳಿನ ಅಂಗಿ ತೊಟ್ಟು ಬಂದು, ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಅವತ್ತು ಯಾರೂ ಏನೂ ಕೇಳುತ್ತಿರಲಿಲ್ಲ. ನಿನ್ನೆ ಹುಣ್ಣಿಮೆಯಾಗಿತ್ತು ಎಂಬುದು ಇಡೀ ಬೀದಿಗೆ ಗೊತ್ತಿರುತ್ತಿತ್ತು.

ಅವಳ ಗಂಡ ಬಸ್ ಡ್ರೈವರ್. ಒಳ್ಳೆಯವನು, ಎಲ್ಲರೂ ಹಾಗೇ ಹೇಳುತ್ತಿದ್ದರು. ಕುಡಿಯುವುದಿಲ್ಲ, ಸುತ್ತುವುದಿಲ್ಲ. ಹುಣ್ಣಿಮೆಯ ದಿನ ಮಾತ್ರ ಅವನು ಅವನಾಗಿರುವುದಿಲ್ಲ, ಪಾಪ. "ಸಮುದ್ರನೇ ಉಕ್ಕುತ್ತೆ ಕಣೆ, ಇನ್ನು ಮನುಷ್ಯನ ರಕ್ತ ಉಕ್ಕಲ್ವಾ? ಅವರಪ್ಪನಿಗೂ ಹೀಗೇ ಇತ್ತು" ಎಂದು ಮದುವೆಯಾದ ಹೊಸದರಲ್ಲೇ ಅತ್ತೆ ಹೇಳಿಕೊಟ್ಟಿದ್ದಳು. ಮಂತ್ರ ಹಾಕುವವನೊಬ್ಬ ಹೌದೌದೆಂದು ತಲೆಯಾಡಿಸಿ, ಬೆಳದಿಂಗಳು ಅವನ ಮೈಮೇಲೆ ಬೀಳಬಾರದು ಎಂದಿದ್ದ.

ಕಾಜಕ್ಕ ಎರಡು ಪದರದ ಕಪ್ಪು ಬಟ್ಟೆಯಲ್ಲಿ ಕಿಟಕಿಗಳಿಗೆಲ್ಲ ಪರದೆ ಹೊಲಿದಳು. ದಿನಾ ಕತ್ತಲಾಗುವ ಮೊದಲೇ ಆ ಮನೆಯ ಕಿಟಕಿ ಬಾಗಿಲು ಬಂದ್. ಚಂದ್ರನ ಮುಖ ನೋಡುವುದೇ ಬೇಡವೆಂದು ಅಲ್ಲಿ ಯಾರೂ ಆಕಾಶದ ಕಡೆ ತಲೆ ಎತ್ತುತ್ತಿರಲಿಲ್ಲ. ದಿನದ ಲೆಕ್ಕವೆಲ್ಲ ಅತ್ತೆಯ ಬೆರಳ ತುದಿಯಲ್ಲಿ. ಬೆಳಿಗ್ಗೆ ಮಗನ ಎದುರಿಗೇ ಅವಳು ಸಾರುವಳು: "ಇವತ್ತು ಹುಣ್ಣಿಮೆ. ಅವನ ತಂಟೆಗೆ ಹೋಗಬೇಡ."

ಅದೇ ಹುಣ್ಣಿಮೆಯ ದಿನ ಅವನು ತುಂಬಿದ ಬಸ್ಸನ್ನು ಸಂದಿಗೊಂದಿಗಳಲ್ಲಿ ಒಂದು ಗೀರೂ ಬೀಳದಂತೆ ಓಡಿಸಿ ಬರುತ್ತಿದ್ದ. ಮೇಲಿನವರು ಬೈದರೆ ಕೈಕಟ್ಟಿ ನಿಲ್ಲುತ್ತಿದ್ದ. ಉಕ್ಕುವ ರಕ್ತ ಮನೆಯ ಹೊಸಿಲು ದಾಟುವವರೆಗೂ ಜಾಣತನದಿಂದ ಕಾಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಎತ್ತಿಗೆ ಜ್ವರವಿದೆಯೇ ಎಂದು ಯಾರೂ ಮುಟ್ಟಿ ಕೂಡ ನೋಡಿರಲಿಲ್ಲ. ಬರೆ ಮಾತ್ರ ತಪ್ಪಲಿಲ್ಲ.

ಕಾಜಕ್ಕನಿಗೆ ಇದು ಕಾಣಲಿಲ್ಲವೇ? ಕಾಣದೆ ಏನು? ಆದರೆ ಕಂಡೆನೆಂದು ಒಪ್ಪಿಕೊಂಡರೆ ಮನೆ ಬಿಡಬೇಕಾಗುತ್ತಿತ್ತು. ಹೊಡೆಯುವುದು ಗಂಡನಲ್ಲ, ಚಂದ್ರ ಎಂದುಕೊಂಡರೆ ಉಳಿದ ದಿನಗಳಲ್ಲಿ ಅವನ ಪಕ್ಕ ಕೂತು ಉಣ್ಣಬಹುದಿತ್ತು. "ಬೇಕಂತಲೇ ಮಾಡ್ತಾನೆ ಅಂತ ಗೊತ್ತಾದ್ರೆ ಒಂದು ಕ್ಷಣ ಅಲ್ಲಿರಲ್ಲ" ಎಂದು ಅಂಗಡಿಯಲ್ಲಿ ಒಮ್ಮೆ ಅಂದಿದ್ದಳು. ಹಾಗೆ ಗೊತ್ತಾಗದಿರಲಿ ಎಂದೇ ಪರದೆಗಳನ್ನು ಅಷ್ಟು ಬಿಗಿಯಾಗಿ ಎಳೆಯುತ್ತಿದ್ದಳೋ ಏನೋ.

ಅತ್ತೆಗೆ ವಯಸ್ಸಾಯಿತು. ಹಾಕಿದ ಬೀಗವನ್ನೇ ಮತ್ತೆ ಹಾಕಲು ಹೋಗುವುದು, ಉಂಡದ್ದು ಮರೆತು ಇನ್ನೊಮ್ಮೆ ತಟ್ಟೆ ಕೇಳುವುದು ಶುರುವಾಯಿತು. ಅಂಥದ್ದೊಂದು ಬೆಳಿಗ್ಗೆ ಎಂದಿನಂತೆ ಹೇಳಿದಳು, "ಇವತ್ತು ಹುಣ್ಣಿಮೆ." ಮಗ ಹೂಂ ಅಂದು ಕೆಲಸಕ್ಕೆ ಹೋದ. ಸಂಜೆ ಬಂದು ಊಟಕ್ಕೆ ಕೂತವನು ಉಪ್ಪು ಕಮ್ಮಿಯಾಯಿತೆಂದು ತಟ್ಟೆ ಎಸೆದ. ಹೆಂಡತಿಯ ಬಲಗೈ ಹಿಡಿದು, ಅವಳು ಕೂಗುವವರೆಗೂ ತಿರುಚಿದ.

ನೋವಿಗೆ ನಿಯಮವೆಲ್ಲ ಮರೆತು ಕಾಜಕ್ಕ ಹಿತ್ತಲ ಬಾಗಿಲು ತೆಗೆದಳು. ನಲ್ಲಿಯ ತಣ್ಣೀರಿಗೆ ಕೈ ಒಡ್ಡಿ ತಲೆ ಎತ್ತಿದರೆ ನೆತ್ತಿಯ ಮೇಲೆ ಚಂದ್ರ. ಸರಿಯಾಗಿ ಅರ್ಧ. ಆ ಬಡಪಾಯಿ ಹುಣ್ಣಿಮೆಗೆ ಇನ್ನೂ ಅರ್ಧ ದಾರಿಯಲ್ಲಿದ್ದ, ಇಲ್ಲಿ ಒಳಗೆ ರಕ್ತ ಉಕ್ಕಿ ಮುಗಿದಿತ್ತು. ಅವಳಿಗೆ ಅಳು ಬರಲಿಲ್ಲ. ಇಷ್ಟು ವರ್ಷ ಏಟಿನ ಜೊತೆ ಸುಳ್ಳನ್ನೂ ನುಂಗಿದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅತ್ತೆಯ ಎದುರು ಕೂತಳು.

"ನಿನ್ನೆ ಹುಣ್ಣಿಮೆ ಅಲ್ಲ ಅತ್ತೆ. ಅರ್ಧ ಚಂದ್ರ ಇದ್ದ, ನಾನೇ ನೋಡ್ದೆ. ಹುಣ್ಣಿಮೆಗೆ ಇನ್ನೂ ಒಂದು ವಾರ ಇದೆ."

ಮುದುಕಿ ಬೆರಳು ಮಡಿಸಿದಳು, ಬಿಡಿಸಿದಳು. ಮುಖ ಬಿಳಚಿಕೊಂಡಿತು.

"ಅವನಿಗೆ ಹೇಳ್ಬೇಡ ಕಣೆ, ನಿನಗೆ ಕೈ ಮುಗೀತೀನಿ."

"ಯಾಕೆ ಹೇಳ್ಬಾರ್ದು?"

"ಅವರಪ್ಪ ದಿನಾ ಹೊಡೀತಿದ್ದ. ಯಾರ ಮಾತೂ ಕೇಳ್ತಿರಲಿಲ್ಲ. ನಾನೇ ಒಂದಿನ ಅಂದೆ, ತಪ್ಪು ನಿಮ್ಮದಲ್ಲ, ಎಲ್ಲಾ ಹುಣ್ಣಿಮೆದು ಅಂತ. ಖುಷಿಯಾಗಿ ನಂಬಿಬಿಟ್ಟ. ಆಮೇಲೆ ತಿಂಗಳಿಗೆ ಒಂದೇ ದಿನ. ಮದುವೆಯಾಗಿ ನಿನ್ನ ಮೇಲೆ ಇವನೂ ಕೈ ಎತ್ತಿದಾಗ ಇವನಿಗೂ ಅದನ್ನೇ ಹೇಳ್ದೆ. ಹೇಳದೇ ಇದ್ದಿದ್ರೆ ನಿನ್ನ ಗತಿ ಏನಾಗ್ತಿತ್ತು, ಯೋಚನೆ ಮಾಡು."

ಅತ್ತೆಯ ಕಾಲಿಗೆ ಬೀಳಬೇಕೋ ಕತ್ತು ಹಿಸುಕಬೇಕೋ ಕಾಜಕ್ಕನಿಗೆ ತಿಳಿಯಲಿಲ್ಲ. ಎದ್ದು ಹೋಗಿ ಎಡಗೈಯಲ್ಲೇ ಚೀಲಕ್ಕೆ ಬಟ್ಟೆ ತುರುಕಿದಳು, ಕತ್ತರಿ ಹಾಕಿಕೊಂಡಳು. ಅಂಗಡಿಯ ಹಿಂದೆ ಖಾಲಿ ಕೋಣೆಯೊಂದಿತ್ತು, ಬಟ್ಟೆಯ ಚೂರುಪಾರು ಸುರಿಯುವ ಜಾಗ. ಅಷ್ಟಾದರೆ ಸಾಕಿತ್ತು. ಹೊಸಿಲ ಮೇಲೆ ನಿಂತಾಗ ಮುದುಕಿಯ ಮೇಲೆ ಕನಿಕರ ಬಂತು.

"ನೀವೂ ಬನ್ನಿ ಅತ್ತೆ. ನಾನಿಲ್ಲದೇ ಇದ್ರೆ ನಾಳೆ ನಿಮಗೇ ಹೊಡೀತಾನೆ."

"ನಾಳೆ ಯಾಕೆ ಹೊಡೀತಾನೆ?" ಅಂದಳು ಮುದುಕಿ. "ಹುಣ್ಣಿಮೆಗೆ ಇನ್ನೂ ಒಂದು ವಾರ ಇದೆ ಅಂತ ನೀನೇ ಹೇಳಿದ್ಯಲ್ಲ."