ತೊಂಕಾ ತೋರಿಸಿದ ಓಣಿ

ಆ ಇಬ್ಬರ ಪೆಟ್ಟಿಗೆಯನ್ನು ಮೊದಲು ಎತ್ತಿದವನು ನಾನು. ತೊಂಕಾಳ ಮನೆಯ ಮಾತು ಬಂದಾಗಲೆಲ್ಲ ಊರಿನ ಜನ ಅವರಿವರನ್ನು ದೂರುತ್ತಾರೆ, ನನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ನಮ್ಮ ಸ್ಪ್ಲಿಟ್ ಊರಿನ ಬಂದರಿನಲ್ಲಿ, ಹಡಗುಕಟ್ಟೆಗೂ ಬಸ್ ನಿಲ್ದಾಣಕ್ಕೂ ನಡುವೆ, ಪ್ರಯಾಣಿಕರ ಸಾಮಾನು ಕಾಯುವ ಗೂಡೊಂದಿದೆ. ಅದರೊಳಗೆ ಮೂವತ್ತೊಂದು ವರ್ಷ ಕೂತು ಸೊಂಟ ಹಾಳುಮಾಡಿಕೊಂಡ ಯೆರ್ಕೊ ನಾನು. ನನ್ನ ಗೂಡಿನ ಎದುರಿನ ದೀಪದ ಕಂಬಕ್ಕೆ ಒರಗಿ, "ಕೋಣೆಗಳಿವೆ" ಎಂದು ಬರೆದ ರಟ್ಟು ಹಿಡಿದು ನಿಲ್ಲುತ್ತಿದ್ದವಳು ತೊಂಕಾ. ಊರಿಗೆಲ್ಲ ಅವಳು ತೇತಾ, ಅಂದರೆ ಅತ್ತೆ. ನನಗೆ ಬರೀ ತೊಂಕಾ, ಏಕೆಂದರೆ ದಿನಕ್ಕೆ ಎರಡು ಸಲವಾದರೂ ನಾವು ಜಗಳವಾಡಲೇಬೇಕಿತ್ತು.

ರಟ್ಟು ಹಿಡಿದ ಹೆಂಗಸರು ಆಗ ಇಪ್ಪತ್ತು ಜನರಿದ್ದರು. ಹಡಗು ಬಂತೆಂದರೆ ಉಳಿದವರೆಲ್ಲ ಪ್ರಯಾಣಿಕರ ಮೇಲೆ ಮುಗಿಬೀಳುತ್ತಿದ್ದರು. ತೊಂಕಾ ಮಾತ್ರ ಕಂಬ ಬಿಟ್ಟು ಕದಲುತ್ತಿರಲಿಲ್ಲ. ಬಂದವರ ಮುಖವನ್ನೂ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದಳು, ನಡೆಯುವ ರೀತಿ ನೋಡುತ್ತಿದ್ದಳು. ಆಮೇಲೆ ಯಾರು ಯಾವ ಕೇರಿಯಲ್ಲಿ ಇಳಿದುಕೊಳ್ಳಬೇಕು ಎಂದು ತೀರ್ಪು ಕೊಡುತ್ತಿದ್ದಳು. ಅವಳ ತೀರ್ಪಿಗೆ ಎದುರಾಡಿದ ಹೆಂಗಸನ್ನು ನಾನು ಕಂಡಿಲ್ಲ.

"ನಿಮ್ಮ ಮೊಣಕಾಲು ಸರಿಯಿಲ್ಲ. ನಮ್ಮ ವಾರೋಷ್ ಕೇರಿ ಮೆಟ್ಟಿಲು ನಿಮಗೆ ಬೇಡ. ಲುಚಾತ್ಸ್ ಕಡೆ ಹೋಗಿ, ಅಲ್ಲಿ ನೆಲ ಸಮ ಇದೆ."

"ಹಳೇ ಅರಮನೆ ಗೋಡೆ ಒಳಗಿನ ಪೇಟೆಯಲ್ಲೇ ಮಲಗಬೇಕಾ? ಮಲಗಿ, ಯಾರು ಬೇಡ ಅಂದ್ರು. ನಿದ್ದೆ ಬರಲ್ಲ ಅಂತ ನಾಳೆ ನನ್ನ ಹತ್ರ ಬರಬೇಡಿ."

ಕುಡುಕರನ್ನೆಲ್ಲ ಅವಳು ನನ್ನ ಕೇರಿ ರಾದುನಿತ್ಸಾಗೆ ಅಟ್ಟುತ್ತಿದ್ದಳು. "ನಿಮ್ಮವರಿಗೆ ಅಭ್ಯಾಸ ಇದೆಯಲ್ಲ," ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ವಾರೋಷಿನ ತನ್ನ ಓಣಿಗೆ ಮಾತ್ರ ಅವಳು ಅಳೆದು ತೂಗಿ ಜನರನ್ನು ಕಳಿಸುತ್ತಿದ್ದಳು. ಗುಡ್ಡದ ಬುಡದಲ್ಲಿರುವ ಆ ಓಣಿಗೆ ಹನ್ನೊಂದೇ ಬಾಗಿಲು. ತಟ್ಟಲು ಕೈಯ ಆಕಾರದ ಹಿತ್ತಾಳೆಯ ಹಿಡಿ ಇರುವ ನೀಲಿ ಬಾಗಿಲು ತೊಂಕಾಳದು. ಮೇಲಿನ ಒಂದು ಕೋಣೆ ಪ್ರವಾಸಿಗಳಿಗೆ, ಕೆಳಗಿನದರಲ್ಲಿ ಅವಳು. ಗಂಡ ಹಡಗಿನ ಕೆಲಸದಲ್ಲೇ ತೀರಿಕೊಂಡ, ಮಕ್ಕಳಿರಲಿಲ್ಲ. ಓಣಿಯೇ ಅವಳ ಸಂಸಾರವಾಗಿತ್ತು.

"ನನ್ನ ಓಣಿಯಲ್ಲಿ ನಿದ್ದೆ ಮಾಡೋಕಾಗಲ್ಲ ಅಂತ ಮೊದಲೇ ಹೇಳಿಬಿಡ್ತೀನಿ," ಎಂದು ಅವಳು ಬಂದವರಿಗೆ ಹೇಳುವುದನ್ನು ನಾನು ಸಾವಿರ ಸಲ ಕೇಳಿದ್ದೇನೆ. "ಐದಕ್ಕೆ ಪಕ್ಕದ ಮನೆ ಬೆಪೊ ಕೆಮ್ಮೋಕೆ ಶುರು ಮಾಡ್ತಾನೆ. ಆರಕ್ಕೆ ಪೆರಿನಾ ಬಕೆಟ್ ದರದರ ಎಳೀತಾಳೆ. ಆದರೆ ಅಲ್ಲಿ ಯಾರೂ ಒಬ್ಬರೇ ಸಾಯೋ ಹಾಗಿಲ್ಲ. ಬೆಳಗ್ಗೆ ಕಿಟಕಿ ತೆಗೀಲಿಲ್ಲ ಅಂದ್ರೆ ಬಾಗಿಲು ಮುರಿದು ಒಳಗೆ ಬರ್ತಾರೆ."

ಈ ಮನೆಗಳ ವಿಷಯದಲ್ಲಿ ನಮ್ಮವರದೊಂದು ಹಳೆಯ ಸೋಮಾರಿತನವಿದೆ. ಯಾವ ಮನೆಯ ಪತ್ರ ತೆಗೆದರೂ ಅದು ಮುತ್ತಜ್ಜನ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇರುತ್ತದೆ. ಮುತ್ತಜ್ಜ ಗೋರಿ ಸೇರಿ ನೂರು ವರ್ಷ, ಪಾಲುದಾರರು ಚಿಲಿ, ಆಸ್ಟ್ರೇಲಿಯಾ ಅಂತ ಚದುರಿಹೋಗಿದ್ದಾರೆ. ಇಲ್ಲಿ ಉಳಿದವನು ಇರಲಿ, ಹೋದವನು ಬಂದಾಗ ಮಲಗಲು ಜಾಗವಿರಲಿ, ಅಷ್ಟೇ ಒಪ್ಪಂದ. ಅದನ್ನು ಕಾಗದದಲ್ಲಿ ಬರೆಯುವುದು ಅಣ್ಣತಮ್ಮಂದಿರ ನಡುವೆ ಅವಮಾನ. ತೊಂಕಾಳ ಮನೆಯಲ್ಲಿ ಅರ್ಧ ಅವಳ ಅಣ್ಣನದು. ಅವನು ಚಿಲಿಯ ಅಂತೊಫಗಾಸ್ತದಲ್ಲಿ ತೀರಿಕೊಂಡ ಮೇಲೆ ಆ ಅರ್ಧ ಅವನ ಮಗ ರೋಕೊನಿಗೆ ಬಂತು. ರೋಕೊ ಈ ಊರನ್ನು ನೋಡಿದ್ದು ಒಂದೇ ಸಲ, ಏಳು ವರ್ಷದ ಹುಡುಗನಾಗಿದ್ದಾಗ. "ತೇತಾ ಇರೋವರೆಗೂ ಅದು ತೇತಾದು," ಎಂದು ಅಣ್ಣ ಸಾಯುವ ಮುಂಚೆ ಫೋನಿನಲ್ಲಿ ಹೇಳಿದ್ದನಂತೆ. ತೊಂಕಾಳಿಗೆ ಅದೇ ಪತ್ರ, ಅದೇ ಮೊಹರು.

ಆಮೇಲೆ ಮೊಬೈಲಿನ ಕಾಲ ಬಂತು. ಹಡಗಿನಿಂದ ಇಳಿದವರು ತಲೆ ಎತ್ತುವುದನ್ನೇ ಬಿಟ್ಟರು. ಕೋಣೆ, ಕೇರಿ, ದಾರಿ ಎಲ್ಲ ಅಂಗೈಯಲ್ಲೇ. ರಟ್ಟಿನ ಹೆಂಗಸರು ಒಬ್ಬೊಬ್ಬರಾಗಿ ಮನೆ ಸೇರಿದರು. ಕೊನೆಗೆ ಕಂಬದ ಹತ್ತಿರ ತೊಂಕಾ ಒಬ್ಬಳೇ. ಒಂದು ಇಡೀ ಬೇಸಿಗೆ ಅವಳನ್ನು ಯಾರೂ ಏನೂ ಕೇಳಲಿಲ್ಲ.

"ಮನೆಗೆ ಹೋಗು, ಕಾಲು ಊದಿದೆ," ಎಂದೆ ಒಂದು ದಿನ.

"ನೀನು ಹೋಗು. ನಾನು ನಿಂತಿರೋದರಿಂದ ನಿನ್ನ ಗೂಡಿಗೇನು ಬಾಡಿಗೆ ಏರುತ್ತಾ?"

ಆಗ ಅವಳ ಮುಖ ನೋಡಲಾಗಲಿಲ್ಲ. ಕೋಣೆ ಖಾಲಿ ಬಿದ್ದದ್ದು ಅವಳಿಗೆ ಅಷ್ಟು ನೋವಾಗಿರಲಿಲ್ಲ. ಕೇಳುವವರಿಲ್ಲ ಎನ್ನುವುದೇ ಅವಳನ್ನು ಒಳಗಿಂದ ತಿನ್ನುತ್ತಿತ್ತು.

ನವೆಂಬರ್ ತಿಂಗಳಲ್ಲಿ ಜೂಗೊ ಶುರುವಾಯಿತು. ಅದು ದಕ್ಷಿಣದ ಕಡಲಗಾಳಿ. ಬೀಸಿತೆಂದರೆ ವಾರಗಟ್ಟಲೆ ಬಿಡದು, ಆಕಾಶ ತಲೆಯ ಮೇಲೇ ಇಳಿದಂತಿರುತ್ತದೆ, ಹಾಸಿಗೆಯೆಲ್ಲ ಒದ್ದೆ, ತಲೆ ಸಿಡಿತ. ಜೂಗೊ ಬೀಸುವಾಗ ನಮ್ಮಲ್ಲಿ ಯಾರೂ ಮದುವೆಯ ಮಾತು ಆಡುವುದಿಲ್ಲ, ಯಾವುದಕ್ಕೂ ಸಹಿ ಹಾಕುವುದಿಲ್ಲ. ನಾಲ್ಕನೆಯ ದಿನ ನೀರು ಕಟ್ಟೆ ಏರಿ ನನ್ನ ಗೂಡಿನ ಹೊಸ್ತಿಲಿಗೆ ಬಂದಿತ್ತು. ಹಡಗು ಮೂರು ಗಂಟೆ ತಡವಾಗಿ ಬಂತು. ಇಳಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಮೊಬೈಲನ್ನು ಜೇಬಿಗಿಟ್ಟು, ನೆಟ್ಟಗೆ ತೊಂಕಾಳ ಬಳಿಗೆ ನಡೆದರು.

"ತೇತಾ," ಎಂದ ಅವನು, ನಮ್ಮದೇ ಭಾಷೆಯಲ್ಲಿ, ನಮ್ಮ ಅಜ್ಜಿಯರು ಆಡುತ್ತಿದ್ದ ಹಳೆಯ ರಾಗದಲ್ಲಿ. "ಈ ಊರಲ್ಲಿ ಇರೋಕೆ ಯಾವ ಕೇರಿ ಒಳ್ಳೇದು? ನಿಮ್ಮನ್ನ ಕೇಳಿದ್ರೆ ಗೊತ್ತಾಗುತ್ತೆ ಅಂದ್ರು."

ತೊಂಕಾಳ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. ಅವನ ಹೆಸರು ಅನ್ಸೆಲ್ಮ್, ಅಜ್ಜಿ ನಮ್ಮ ದ್ವೀಪದವಳಂತೆ. ಜೊತೆಗಿದ್ದ ಹೆಂಗಸು ಕೈಯಲ್ಲೊಂದು ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದಳು. ಆ ದಿನ ತೊಂಕಾ ಅವರ ಬೂಟು ನೋಡಲಿಲ್ಲ.

ಪೆಟ್ಟಿಗೆಯೊಂದನ್ನು ಅವರು ನನ್ನ ಬಳಿ ಇಟ್ಟರು. ಎತ್ತಿದಾಗ ಭುಜ ಕಿತ್ತುಬಂತು. ಬಟ್ಟೆಗೆ ಆ ಭಾರವಿರುವುದಿಲ್ಲ. ಹಲಗೆಯ ಮೇಲೆ ಇಡುವಾಗ ಕೊಂಡಿ ಕಳಚಿ ಒಂದು ಸುರುಳಿ ಹೊರಗೆ ಬಿತ್ತು. ಅದು ವಾರೋಷಿನ ನಕ್ಷೆ. ಬೀದಿಯ ಹೆಸರುಗಳಿರುವ ಪ್ರವಾಸಿಗಳ ನಕ್ಷೆಯಲ್ಲ, ಒಂದೊಂದು ಮನೆಗೂ ಸರ್ಕಾರದ ನಂಬರು ಹಾಕಿರುವಂಥದ್ದು. ಕೆಲವು ಮನೆಗಳಿಗೆ ಕೆಂಪು ಚುಕ್ಕೆ ಇಟ್ಟಿದ್ದರು. ತೊಂಕಾಳ ಓಣಿ ಇನ್ನೂ ಬಿಳಿಯಾಗಿತ್ತು. ನಾನು ಸುರುಳಿ ಸುತ್ತಿ ಒಳಗಿಟ್ಟು ಕೊಂಡಿ ಹಾಕಿದೆ. ಗಿರಾಕಿಯ ಪೆಟ್ಟಿಗೆಯಲ್ಲಿ ಏನಿದ್ದರೆ ನನಗೇನು ಎಂದುಕೊಂಡೆ.

ನಾಲ್ಕು ದಿನ ಅವರು ತೊಂಕಾಳ ಮೇಲಿನ ಕೋಣೆಯಲ್ಲಿದ್ದರು. ಜೂಗೊ ನಿಲ್ಲಲಿಲ್ಲ. ಅವಳು ಅವರನ್ನು ಬಾಗಿಲಿಂದ ಬಾಗಿಲಿಗೆ ಕರೆದೊಯ್ದಳು, ಸೊಪ್ಪು ಬೇಯಿಸಿ ಮೀನು ಸುಟ್ಟು ಬಡಿಸಿದಳು. ಮೂರನೆಯ ದಿನ ಗೂಡಿಗೆ ಬಂದಾಗ ಅವಳ ಕಣ್ಣು ಮಿಂಚುತ್ತಿತ್ತು.

"ಇಂಥ ಜನಾನ ನಾನು ನೋಡಿಲ್ಲ ಯೆರ್ಕೊ. ಬಿಸಿಲು ಯಾವ ಗೋಡೆಗೆ ಬೀಳುತ್ತೆ ಅಂತ ಕೇಳ್ತಾರೆ. ಯಾರ ಮನೇಲಿ ಎಷ್ಟು ಜನ, ಯಾರ ಮಕ್ಕಳು ಎಲ್ಲಿದ್ದಾರೆ, ಯಾರ ಅಜ್ಜನ ಹೆಸರೇನು, ಎಲ್ಲ ಕೇಳ್ತಾರೆ."

"ಯಾಕಂತೆ?"

"ಯಾಕಂತೆ ಅಂದ್ರೆ? ಪ್ರೀತಿ. ನಿನಗೆ ಅದು ಗೊತ್ತಾಗಲ್ಲ ಬಿಡು."

"ಅವನ ಪೆಟ್ಟಿಗೇಲಿ ನಿಮ್ಮ ಕೇರಿ ನಕ್ಷೆ ಇದೆ, ತೊಂಕಾ. ಮನೆ ನಂಬರಿರೋದು."

"ಇರಲಿ. ದಾರಿ ತಪ್ಪಬಾರದಲ್ಲ."

"ಮನೆ ಮನೆ ಪಾಲಿನ ಕಥೆ ಅವರಿಗ್ಯಾಕೆ?"

"ನಿನ್ನ ಕೇರಿಗೆ ಯಾರೂ ಬರಲ್ಲ ಅಂತ ನಿನಗೆ ಹೊಟ್ಟೆಕಿಚ್ಚು."

ನನಗೆ ಸಿಟ್ಟು ನೆತ್ತಿಗೇರಿತು. ಸುಟ್ಟುಕೊಂಡು ಸಾಯಿ ಎಂದು ಮನಸ್ಸಿನಲ್ಲೇ ಬೈದು ಕಿಟಕಿ ಎಳೆದುಕೊಂಡೆ. ಇನ್ನೊಂದು ಮಾತು ಆಡಬಹುದಿತ್ತು. ಅವಳ ಕೈ ಹಿಡಿದು ತಂದು ಆ ನಕ್ಷೆಯನ್ನು ತೋರಿಸಬಹುದಿತ್ತು. ನಾನು ತೋರಿಸಲಿಲ್ಲ.

ಐದನೆಯ ದಿನ ಅವರು ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದರು. ಮುಂದಿನ ತಿಂಗಳು ಚಿಲಿಗೆ ಹೋಗುವುದಿದೆ ಎಂದು ಅನ್ಸೆಲ್ಮ್ ಮಾತಿನ ನಡುವೆ ಹೇಳಿದ್ದನಂತೆ. ದೂರ ಹೋಗುವವರ ಕೈಯಲ್ಲಿ ಏನಾದರೂ ಕಳಿಸದೆ ಬಿಡುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ಅಂಚೆಯನ್ನು ನಾವು ನಂಬುವುದಿಲ್ಲ, ಮನುಷ್ಯರನ್ನು ನಂಬುತ್ತೇವೆ. ತೊಂಕಾ ರಾತ್ರಿಯೆಲ್ಲ ಕೂತು ಒಣ ಅಂಜೂರ ಅರೆದು, ಸೋಂಪು ಬೆರೆಸಿ, ಸಾರಾಯಿ ಚಿಮುಕಿಸಿ, ದುಂಡನೆಯ ಅಂಜೂರದ ರೊಟ್ಟಿ ತಟ್ಟಿ ತಂದಿದ್ದಳು. ರೋಕೊನಿಗೆ ಕೊಡಲೆಂದು. ಅವನ ಅಪ್ಪನಿಗೆ ಅದೆಂದರೆ ಪ್ರಾಣವಾಗಿತ್ತು. ಮೇಲೊಂದು ಚೀಟಿ. ನನ್ನ ಹಲಗೆಯ ಮೇಲೇ ಅದನ್ನು ಬರೆದು, ಕಾಗುಣಿತ ಸರಿಯಿದೆಯೇ ಎಂದು ನನಗೆ ತೋರಿಸಿದಳು.

"ರೋಕೊ ಮಗನೇ, ಇವರು ನಮ್ಮವರು. ನಮ್ಮ ಓಣಿಯನ್ನು ನಿನ್ನಪ್ಪನಷ್ಟೇ ಪ್ರೀತಿಸುವವರು. ಇವರು ಏನು ಕೇಳಿದರೂ ಇಲ್ಲ ಅನ್ನಬೇಡ. ನಿನ್ನ ತೇತಾ."

ಊಟ ಕೇಳಿದರೆ ಊಟ, ಹಾಸಿಗೆ ಕೇಳಿದರೆ ಹಾಸಿಗೆ. ನಮ್ಮಲ್ಲಿ ಯಾರ ಕೈಯಲ್ಲಿ ಏನು ಕಳಿಸಿದರೂ ಹೀಗೇ ಬರೆಯುವುದು. ಚೀಟಿಯನ್ನು ರೊಟ್ಟಿಯ ಮೇಲಿಟ್ಟು ಗೂಡಿನ ದಾರದಿಂದ ಬಿಗಿಯಾಗಿ ಕಟ್ಟಿದವನು ನಾನು. ಗಂಟು ಬಿಚ್ಚದಿರಲಿ ಎಂದು ಎರಡು ಸಲ ಎಳೆದೆ. ಅನ್ಸೆಲ್ಮ್ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹೆಂಗಸು ಮೊದಲ ಸಲ ನಕ್ಕಳು.

ಈಸ್ಟರ್ ಹೊತ್ತಿಗೆ ಓಣಿಗೆ ನ್ಯಾಯಾಲಯದ ಲಕೋಟೆಗಳು ಬರತೊಡಗಿದವು. ಮೊದಲು ಬೆಪೊನಿಗೆ, ಅವನ ಚಿಕ್ಕಪ್ಪನ ಮೊಮ್ಮಕ್ಕಳು ಆಸ್ಟ್ರೇಲಿಯಾದಲ್ಲಿ ಪಾಲು ಮಾರಿದ್ದರು. ಆಮೇಲೆ ಪೆರಿನಾಗೆ. ಕೊಂಡದ್ದು ಒಂದೇ ಕಂಪನಿ. ಒಂದು ಪಾಲು ಕೈಗೆ ಸಿಕ್ಕರೆ ಸಾಕು, ಮನೆಯನ್ನು ಭಾಗ ಮಾಡಲಾಗದು, ಹರಾಜು ಹಾಕಿ ಎಂದು ನ್ಯಾಯಾಲಯವನ್ನು ಕೇಳಬಹುದು. ಹರಾಜಿನಲ್ಲಿ ಕೂಗುವಷ್ಟು ದುಡ್ಡು ಓಣಿಯಲ್ಲಿ ಯಾರ ಬಳಿಯಿತ್ತು? ತೊಂಕಾ ಮನೆಮನೆಗೆ ಹೋಗಿ ಧೈರ್ಯ ಹೇಳಿದಳು. "ನನ್ನ ರೋಕೊ ಹಾಗೆ ಮಾಡೋನಲ್ಲ," ಎಂದು ನನ್ನ ಮುಂದೆಯೂ ಹೇಳಿದಳು. ನಾನು ದಾರದ ಉಂಡೆಯನ್ನು ಹಲಗೆಯ ಕೆಳಗೆ ತಳ್ಳಿದೆ.

ಮೇ ತಿಂಗಳಲ್ಲಿ ಅವಳು ಎರಡು ಲಕೋಟೆ ಹಿಡಿದು ಗೂಡಿಗೆ ಬಂದಳು. ಒಂದು ನ್ಯಾಯಾಲಯದ್ದು. ಇನ್ನೊಂದು ಚಿಲಿಯಿಂದ, ರೋಕೊ ಹರಕುಮುರುಕು ಭಾಷೆಯಲ್ಲಿ ಬರೆದದ್ದು. ಅವಳು ಅದನ್ನು ನನ್ನ ಮುಂದಿಟ್ಟಳು, ನಾನೇ ಓದಿದೆ.

"ಪ್ರೀತಿಯ ತೇತಾ, ಅಂಜೂರದ ರೊಟ್ಟಿ ತಿಂದು ಅಪ್ಪನ ನೆನಪಾಗಿ ಅತ್ತುಬಿಟ್ಟೆ. ಮೊದಲು ಬೇರೆ ಯಾರೋ ಬಂದು ಮನೆ ಕೇಳಿದ್ದರು, ತೇತಾ ಇರುವವರೆಗೂ ಆಗದು ಎಂದು ಅಟ್ಟಿಬಿಟ್ಟಿದ್ದೆ. ಇವರು ನಿಮ್ಮ ಕೈಬರಹ ತೋರಿಸಿದರು. ನಿಮ್ಮ ಮಾತು ಮೀರಬಾರದೆಂದು ಅವತ್ತೇ ನನ್ನ ಪಾಲನ್ನು ಮಾರಿ ಸಹಿ ಹಾಕಿದೆ. ಮೆಟ್ಟಿಲು ಹತ್ತಿ ನಿಮಗೂ ಸಾಕಾಗಿರಬೇಕು."

ತೊಂಕಾ ಪತ್ರ ಮಡಿಸಿ ಎದೆಯೊಳಗೆ ಇಟ್ಟುಕೊಂಡಳು.

"ಹುಡುಗನ ತಪ್ಪೇನಿದೆ," ಎಂದಳು. "ಹೇಳಿದ್ದು ಮಾಡಿದಾನೆ."

"ತೊಂಕಾ, ಆ ನಕ್ಷೇಲಿ ಕೆಂಪು ಚುಕ್ಕೆ ಇತ್ತು. ನಾನು ನೋಡಿದ್ದೆ."

"ಇರಲಿ. ನೀನು ನಕ್ಷೆ ವಿಷಯ ಹೇಳಿದಾಗಲೇ ನನಗೂ ಒಂದು ಗಳಿಗೆ ದಿಗಿಲಾಗಿತ್ತು. ಕೇಳೋಕೆ ಬಂದಿದ್ರಲ್ಲ ಯೆರ್ಕೊ. ನನ್ನನ್ನ ಯಾರಾದ್ರೂ ಕೇಳಿ ಎಷ್ಟು ದಿನ ಆಗಿತ್ತು."

ಎರಡು ವರ್ಷದಲ್ಲಿ ಎಲ್ಲ ಮುಗಿಯಿತು. ಹನ್ನೊಂದು ಬಾಗಿಲಿನಲ್ಲಿ ಒಂಬತ್ತು ಕಂಪನಿಯದು. ಬೆಪೊ ಮಗಳ ಮನೆಯಲ್ಲಿ ತೀರಿಕೊಂಡ. ಪೆರಿನಾ ದ್ವೀಪಕ್ಕೆ ಹೋದಳು. ತೊಂಕಾ ಊರಾಚೆ ಎತ್ತರದ ಕಟ್ಟಡವೊಂದರ ಆರನೆಯ ಮಹಡಿಯಲ್ಲಿ ಇದ್ದಾಳೆ, ಪಕ್ಕದ ಬಾಗಿಲಲ್ಲಿ ಯಾರಿದ್ದಾರೆಂದು ಅವಳಿಗೆ ಗೊತ್ತಿಲ್ಲ. ದಿನವೂ ಬಸ್ಸು ಹತ್ತಿ ಕಂಬದ ಹತ್ತಿರ ಬಂದು ನಿಲ್ಲುತ್ತಾಳೆ. ಕೈಯಲ್ಲಿ ರಟ್ಟಿಲ್ಲ.

ಹೋದ ವಾರ ಮತ್ತೆ ಜೂಗೊ ಬೀಸುತ್ತಿತ್ತು. ಹಡಗಿನಿಂದ ಇಳಿದ ಗಂಡ ಹೆಂಡತಿ, ಮೊಬೈಲಿನಲ್ಲಿ ದಾರಿ ಸಿಗದೆ, ಅವಳಿಗೇ ಅದನ್ನು ಚಾಚಿದರು. ನಾನು ಗೂಡಿನಿಂದ ಕತ್ತು ಚಾಚಿ ನೋಡಿದೆ. ಪರದೆಯ ಮೇಲೆ ನೀಲಿ ಬಾಗಿಲು, ಹಿತ್ತಾಳೆಯ ಕೈ. ತೊಂಕಾ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವರ ಬೂಟು ನೋಡಿದಳು.

"ಚರ್ಚಿನ ಹತ್ರ ಎಡಕ್ಕೆ ಹತ್ತಿ. ಮೂರನೇ ಮೆಟ್ಟಿಲು ಅಲ್ಲಾಡುತ್ತೆ, ಹುಷಾರು."

"ಓಣಿ ಹೇಗಿದೆ?" ಎಂದು ಹೆಂಡತಿ ಕೇಳಿದಳು. "ಅಕ್ಕಪಕ್ಕ ಗಲಾಟೆ ಇದೆಯಾ? ನಮಗೆ ನಿದ್ದೆ ಬೇಕು."

"ಇಲ್ಲ," ಎಂದಳು ತೊಂಕಾ. "ಅಲ್ಲಿ ಯಾರೂ ಇಲ್ಲ. ಚೆನ್ನಾಗಿ ನಿದ್ದೆ ಬರುತ್ತೆ."